ಯಾರರ ಜಗಳಾಡಿ ತಂದಿರಬೇಕು

ಮಗಳು ಹುಟ್ಟಿದ ಮೂರನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದೆವು. 2019ರ ನವೆಂಬರ್. ಡಬ್ಲಿನ್‌ನಲ್ಲಿ ಆ ತಿಂಗಳು ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಬಾಗಿಲಲ್ಲೇ ನಿಲ್ಲಿಸಿ ಆರತಿ ಮಾಡಿದಳು. ಕೂಸಿನ ದೃಷ್ಟಿ ತೆಗೆದಳು. ನನ್ನನ್ನು ಹಾಸಿಗೆಗೆ ಸೇರಿಸಿ, ಕಾಲಿಗೆ ಕಂಬಳಿ ಹೊದಿಸಿ, ಆಮೇಲೆ ಕೇಳಿದಳು.

"ಬಿಲ್ ಎಷ್ಟಾತು?"

"ಏನೂ ಇಲ್ಲವ್ವಾ."

"ಏನೂ ಇಲ್ಲಂದ್ರ? ಇನ್ನಾ ಕೊಟ್ಟಿಲ್ಲೇನು?"

"ಕೊಡೋದ ಇಲ್ಲ. ಇಲ್ಲೆ ಬಸುರಿ ಹೆಂಗಸರಿಗೆಲ್ಲಾ ಹಿಂಗ. ಸರಕಾರದ್ದು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಂಟಿನುಂಡೆ ಡಬ್ಬಿಯ ಮುಚ್ಚಳ ತೆಗೆಯುತ್ತಾ ಹೇಳಿದಳು: "ಸುಮ್ನ ಯಾರು ಕೊಡತಾರ? ಯಾರರ ಜಗಳಾಡಿ ತಂದಿರಬೇಕು."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಜಗಳಾಡಿದವರು ಯಾರು ಅಂತ ತಿಳಿಯಲು ನನಗೆ ಆಮೇಲೆ ಕೆಲವು ತಿಂಗಳು ಬೇಕಾಯಿತು.

ಅವ್ವ ಈ ದೇಶದ ಹೆರಿಗೆಯನ್ನು ಸುಲಭವಾಗಿ ನಂಬದಿರಲು ಬೇರೆ ಕಾರಣವೂ ಇತ್ತು. ನಾನು ಬಸುರಿ ಅಂತ ಗೊತ್ತಾದಾಗಿನಿಂದ ಫೋನಿನಲ್ಲಿ ಒಂದೇ ಮಾತು. "ಆ ದೇಶದಾಗ ಬ್ಯಾಡ, ತವರಿಗೆ ಬಾ." ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ನಮ್ಮ ಪದ್ಧತಿ, ಸರಿ. ಆದರೆ ಅವಳ ದನಿಯಲ್ಲಿ ಇದ್ದದ್ದು ಪದ್ಧತಿಯ ಒತ್ತಾಯ ಅಲ್ಲ, ಹೆದರಿಕೆ. 2012ರ ನವೆಂಬರ್‌ನಲ್ಲಿ ನಾವು ಧಾರವಾಡದ ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದ ಸುದ್ದಿಯ ಹೆದರಿಕೆ. ಬೆಳಗಾವಿಯ ಹುಡುಗಿ, ದಂತವೈದ್ಯೆ ಸವಿತಾ ಹಾಲಪ್ಪನವರ್, ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ಅಕ್ಟೋಬರ್ 28ರಂದು ತೀರಿಕೊಂಡಿದ್ದರು. ವಯಸ್ಸು 31. ನಾಲ್ಕು ತಿಂಗಳು ದಾಟಿದ ಬಸುರು ಉಳಿಯುವುದಿಲ್ಲ ಅಂತ ಡಾಕ್ಟರುಗಳಿಗೆ ಗೊತ್ತಿತ್ತು. ಅದನ್ನು ತೆಗೆಯಿರಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗುವುದಿಲ್ಲ ಅಂದರು. ನಂಜು ಮೈಗೇರಿತು. ಬೆಳಗಾವಿ ನಮಗೆ ಎರಡು ತಾಸಿನ ದಾರಿ. ಅವ್ವ ಅವತ್ತು ತನ್ನ ಮನೆಯ ಹುಡುಗಿಯೇ ಹೋದಂತೆ ಅತ್ತಿದ್ದಳು.

ಹಾಗಾಗಿ ಒಂದೇ ದೇಶದ ಎರಡು ಮುಖ ನನ್ನ ಮುಂದಿದ್ದವು. ಒಂದು ಕಡೆ ಸವಿತಾ. ಇನ್ನೊಂದು ಕಡೆ ನನ್ನ ಬಿಲ್ಲಿಲ್ಲದ ಹೆರಿಗೆ, ಮನೆಗೇ ಬಂದು ಮಗುವಿನ ತೂಕ ನೋಡುವ ಸರಕಾರಿ ನರ್ಸಮ್ಮ. ಇವೆರಡೂ ಒಂದೇ ಜಗಳದ ಎರಡು ತುದಿ ಅಂತ ನನಗೆ ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಅಜ್ಜಿ.

ಎಂಬತ್ತು ದಾಟಿದ ಆ ಅಜ್ಜಿ ಮಗು ನೋಡಲು ಬಂದಿದ್ದರು. ಕೈಯಲ್ಲಿ ತಾವೇ ಹೆಣೆದ ಹಳದಿ ಟೋಪಿ. ಅವ್ವನ ಪ್ರಶ್ನೆಯನ್ನು ನಾನು ಅವರಿಗೆ ದಾಟಿಸಿದೆ. ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಡಾಕ್ಟರ್ ಬ್ರೌನ್" ಅಂದರು. ಆಮೇಲೆ ದನಿ ತಗ್ಗಿಸಿ, ತಮ್ಮ ಅಕ್ಕನಿಗೆ ಟಿಬಿ ಇತ್ತು, ಅವರ ಕಾಲದಲ್ಲಿ ಹಾಸಿಗೆ ಸಿಕ್ಕಿದ್ದರಿಂದ ಬದುಕಿದಳು ಅಂದರು. ಎಪ್ಪತ್ತು ವರ್ಷ ಆದ ಮೇಲೂ ಆ ಎರಡು ಅಕ್ಷರ ಹೇಳುವಾಗ ಅವರ ದನಿ ಇಳಿಯಿತು. ನಮ್ಮ ಕಡೆಯೂ ಹಾಗೇ ಅಲ್ವಾ? ಕ್ಷಯ ಅಂತ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಮುಗಿದೇ ಹೋಯಿತು, ಆ ಮಾತೇ ಇಲ್ಲ.

ನೋಯೆಲ್ ಬ್ರೌನ್ ಹುಟ್ಟಿದ್ದು 1915ರ ಡಿಸೆಂಬರ್‌ನಲ್ಲಿ, ವಾಟರ್‌ಫರ್ಡ್ ಊರಲ್ಲಿ. ಬೆಳೆದದ್ದು ಹೆಚ್ಚಾಗಿ ದೇಶದ ನಡುಭಾಗದ ಅಥ್ಲೋನ್‌ನಲ್ಲಿ. ಅಪ್ಪ ಮಕ್ಕಳ ರಕ್ಷಣೆಯ ಸಂಸ್ಥೆಯೊಂದರಲ್ಲಿ ಇನ್‌ಸ್ಪೆಕ್ಟರ್. ಟಿಬಿಯಿಂದ ಹೋದರು. ತಾಯಿಗೂ ಅದೇ ರೋಗ. ತನಗೆ ಉಳಿದಿರುವ ದಿನ ಕಡಿಮೆ ಅಂತ ಆ ತಾಯಿಗೆ ಗೊತ್ತಿತ್ತು. ಮನೆಯ ಸಾಮಾನು ಮಾರಿ, ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದಳು. ಅಲ್ಲಿ ಹೋಗಿ ಸ್ವಲ್ಪ ದಿನಕ್ಕೇ ಸತ್ತಳು. ಹೆಸರಿಲ್ಲದ ಬಡವರ ಗುಂಡಿಯಲ್ಲಿ ಮಣ್ಣು ಮಾಡಿದರು. ಒಡಹುಟ್ಟಿದವರಲ್ಲೂ ಕೆಲವರು ಟಿಬಿಗೆ ಬಲಿಯಾದರು. ಅವರಲ್ಲಿ ತಮ್ಮ ತಂಗಿಯರನ್ನು ತಾಯಿಯಂತೆ ಸಾಕಿದ ದೊಡ್ಡಕ್ಕ ಐಲೀನ್ ಕೂಡ ಒಬ್ಬಳು.

ಈ ಹುಡುಗನಿಗೆ ಮಾತ್ರ ಅದೃಷ್ಟ ಸಿಕ್ಕಿತು. ಒಂದು ಒಳ್ಳೆಯ ಶಾಲೆಯಲ್ಲಿ ಫೀಸಿಲ್ಲದೆ ಸೀಟು ಕೊಟ್ಟರು. ಅಲ್ಲಿಂದ ಜೆಸ್ಯೂಟ್ ಪಾದ್ರಿಗಳ ಬೋಮಾಂಟ್ ಶಾಲೆ. ಆಮೇಲೆ ಡಬ್ಲಿನ್‌ನ ಅನುಕೂಲಸ್ಥ ಮನೆತನವೊಂದು ಮನೆಮಗನಂತೆ ನೋಡಿಕೊಂಡು ಟ್ರಿನಿಟಿ ಕಾಲೇಜಿನಲ್ಲಿ ಡಾಕ್ಟರಿ ಓದಿಸಿತು. ಓದುವಾಗಲೇ, 1940ರಲ್ಲಿ, ಅವರಿಗೂ ಟಿಬಿ ಬಂತು. ಇಂಗ್ಲೆಂಡಿನ ಮಿಡ್‌ಹರ್ಸ್ಟ್ ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿ ಆಸ್ಪತ್ರೆಯಲ್ಲಿ, ಮಲಗಿ ಬದುಕಿ ಬಂದರು. ಅದೂ ಪರರ ದುಡ್ಡಿನಿಂದ. ತಾನು ಬದುಕಿದ್ದು ದುಡ್ಡಿದ್ದವರ ಮನೆಗೆ ಸೇರಿದ್ದರಿಂದ, ಒಡಹುಟ್ಟಿದವರು ಸತ್ತದ್ದು ಅದಿಲ್ಲದ್ದರಿಂದ. ಈ ಒಂದು ಲೆಕ್ಕ ಅವರನ್ನು ಕೊನೆಯವರೆಗೂ ಬಿಡಲಿಲ್ಲ ಅಂತ ನನಗನಿಸುತ್ತದೆ. ಅವರ ಸಿಟ್ಟು, ಹಟ, ಯಾರನ್ನೂ ಪೂರ್ತಿ ನಂಬದ ಸ್ವಭಾವ, ಎಲ್ಲವನ್ನೂ ನಾನು ಈ ಲೆಕ್ಕದ ಜೊತೆಗಿಟ್ಟೇ ನೋಡುತ್ತೇನೆ.

1940ರ ದಶಕದ ಐರ್ಲೆಂಡಿನ ಜನಸಂಖ್ಯೆ 30 ಲಕ್ಷಕ್ಕೂ ಕಡಿಮೆ. ಅಷ್ಟು ಸಣ್ಣ ದೇಶದಲ್ಲಿ ವರ್ಷಕ್ಕೆ 3,000ಕ್ಕೂ ಹೆಚ್ಚು ಜನ ಟಿಬಿಯಿಂದ ಸಾಯುತ್ತಿದ್ದರು. ಹೆಚ್ಚಿನವರು ಹದಿಹರೆಯ ದಾಟಿ ಈಗಷ್ಟೇ ದುಡಿಮೆಗೆ ಇಳಿದವರು. ಹಾಸಿಗೆ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅಂಟುತ್ತಿತ್ತು. ಡಬ್ಲಿನ್‌ನ ಬಡವರ ವಠಾರಗಳಲ್ಲಿ ಯುದ್ಧದ ವರ್ಷಗಳಲ್ಲಿ ವಾಂತಿ-ಭೇದಿಯಿಂದಲೇ ನೂರಾರು ಹಸುಗೂಸುಗಳು ಸಾಯುತ್ತಿದ್ದವು. ಬಡವರು ಡಾಕ್ಟರ ಹತ್ತಿರ ಪುಕ್ಕಟೆಯಾಗಿ ಹೋಗಬೇಕಂದರೆ ಒಂದು ಕೆಂಪು ಚೀಟಿ ಬೇಕಿತ್ತು. ಊರಿನ ಅಧಿಕಾರಸ್ಥರ ಮುಂದೆ ನಿಂತು, ನನ್ನ ಹತ್ತಿರ ದುಡ್ಡಿಲ್ಲ ಅಂತ ತೋರಿಸಿ, ಆ ಚೀಟಿ ಪಡೆಯಬೇಕು. ಬಿಪಿಎಲ್ ಕಾರ್ಡಿಗೆ ಓಡಾಡಿದವರಿಗೆ ಆ ನಿಲ್ಲುವಿಕೆ ಹೇಗಿರುತ್ತದೆ ಅಂತ ವಿವರಿಸಬೇಕಿಲ್ಲ.

ವಿಕ್ಲೋ ಜಿಲ್ಲೆಯ ನ್ಯೂಕ್ಯಾಸಲ್ ಸ್ಯಾನಿಟೋರಿಯಂನಲ್ಲಿ ಡಾಕ್ಟರಾಗಿದ್ದಾಗ ಬ್ರೌನ್ ಇದನ್ನೆಲ್ಲ ದಿನವೂ ಕಂಡರು. ಔಷಧಿಗಿಂತ ಮೊದಲು ಬೇಕಾದದ್ದು ಅಧಿಕಾರ ಅಂತ ತೀರ್ಮಾನಿಸಿದರು. ಆಗ ಕ್ಲಾನ್ ನಾ ಪೊಬ್ಲಾಕ್ಟಾ ಎಂಬ ಹೊಸ ಪಕ್ಷ ಹುಟ್ಟಿತ್ತು. ಅದರ ನಾಯಕ ಶಾನ್ ಮೆಕ್‌ಬ್ರೈಡ್, ಒಂದು ಕಾಲಕ್ಕೆ ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯ ಮುಖ್ಯಸ್ಥ, ಮುಂದೆ 1974ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಬ್ರೌನ್ ಅವರ ಪಕ್ಷ ಸೇರಿದರು. 1948ರ ಫೆಬ್ರವರಿಯ ಚುನಾವಣೆಯಲ್ಲಿ ಗೆದ್ದರು. 16 ವರ್ಷ ಆಳಿದ್ದ ಏಮನ್ ಡಿ ವಲೇರಾ ಅವರ ಸರಕಾರ ಹೋಗಿ, ಐದು ಪಕ್ಷಗಳು ಕೂಡಿ ಸರಕಾರ ಮಾಡಿದವು. ಫಿನ ಗೇಲ್ ಪಕ್ಷದ ಜಾನ್ ಎ. ಕಾಸ್ಟೆಲೊ ಪ್ರಧಾನಿ. ಬ್ರೌನ್ ಸಂಸತ್ತಿಗೆ ಕಾಲಿಟ್ಟ ಮೊದಲ ದಿನವೇ ಆರೋಗ್ಯ ಸಚಿವರಾದರು. ವಯಸ್ಸು 32.

ಇಲ್ಲಿ ಕುದುರೆ ರೇಸಿನ ಕಥೆಯೊಂದು ಬರುತ್ತದೆ. ಐರ್ಲೆಂಡಿನ ಆಸ್ಪತ್ರೆಗಳಿಗೆ ದುಡ್ಡು ಎತ್ತಲು 1930ರಲ್ಲಿ ಲಾಟರಿ ಶುರುವಾಗಿತ್ತು. ದೊಡ್ಡ ಕುದುರೆ ರೇಸುಗಳಿಗೆ ಹೊಂದಿಸಿದ ಲಾಟರಿ ಅದು. ಟಿಕೆಟ್ಟುಗಳು ಅಮೆರಿಕ, ಬ್ರಿಟನ್‌ವರೆಗೂ ಕದ್ದುಮುಚ್ಚಿ ಹೋಗುತ್ತಿದ್ದವು. ಅದರಿಂದ ದೊಡ್ಡ ನಿಧಿ ಬೆಳೆದಿತ್ತು. ಅಲ್ಲಿಯವರೆಗೆ ಅಸಲನ್ನು ಮುಟ್ಟದೆ ಬರುವ ಬಡ್ಡಿಯಲ್ಲೇ ಹೆಚ್ಚಿನ ಕೆಲಸ ನಡೆಯುತ್ತಿತ್ತು. ಬ್ರೌನ್ ಅಸಲಿಗೇ ಕೈ ಹಾಕಿದರು. ಜನ ಈಗ ಸಾಯುತ್ತಿದ್ದಾರೆ, ದುಡ್ಡನ್ನು ಮುಂದಿನ ಕಾಲಕ್ಕೆ ಇಟ್ಟುಕೊಂಡು ಏನು ಮಾಡುವುದು ಅನ್ನುವುದು ಅವರ ವಾದ. ಎರಡೇ ವರ್ಷದಲ್ಲಿ ಟಿಬಿ ರೋಗಿಗಳಿಗೆ ಸುಮಾರು 2,000 ಹಾಸಿಗೆಗಳು ಹೆಚ್ಚಾದವು. ಹೊಸ ಕಟ್ಟಡ ಏಳುವವರೆಗೆ ಕಾಯಲಿಲ್ಲ. ಇರುವ ಕಟ್ಟಡಗಳನ್ನೇ ತಿರುಗಿಸಿ ಹಾಸಿಗೆ ಹಾಕಿಸಿದರು. ಸಾಮೂಹಿಕ ಎಕ್ಸ್‌ರೇ, ಬಿಸಿಜಿ ಲಸಿಕೆ, ರಕ್ತ ವರ್ಗಾವಣೆ ಸೇವೆ ಎಲ್ಲವೂ ಆ ಮೂರು ವರ್ಷದೊಳಗೆ ಗಟ್ಟಿಯಾದವು. 1950ರ ದಶಕ ಮುಗಿಯುವ ಹೊತ್ತಿಗೆ ಟಿಬಿಯಿಂದ ಸಾಯುವವರ ಸಂಖ್ಯೆ ವರ್ಷಕ್ಕೆ ಸಾವಿರದೊಳಗೆ ಇಳಿಯಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಇದೆಲ್ಲ ಅವರೊಬ್ಬರ ಕೆಲಸ ಅಲ್ಲ. ಸ್ಟ್ರೆಪ್ಟೊಮೈಸಿನ್ ಔಷಧಿ ಅದೇ ಹೊತ್ತಿಗೆ ಕೈಗೆ ಸಿಕ್ಕಿತ್ತು. ಸ್ಯಾನಿಟೋರಿಯಂ ಕಟ್ಟುವ ಕಾನೂನು 1945ರಲ್ಲೇ ಆಗಿತ್ತು. ಆರೋಗ್ಯ ಇಲಾಖೆಯ ಮುಖ್ಯ ವೈದ್ಯಕೀಯ ಸಲಹೆಗಾರ ಜೇಮ್ಸ್ ಡೀನಿ ಟಿಬಿ ಯೋಜನೆಯನ್ನು ಮೊದಲೇ ಬರೆದಿಟ್ಟಿದ್ದರು. ಡೀನಿ ಮತ್ತು ಬ್ರೌನ್ ಇಬ್ಬರೂ ಕೂಡಿ ಬಾಳಲಿಲ್ಲ. ಡೀನಿ ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ, ಅದು ಅನ್ಯಾಯವೇ. ಆದರೂ ಕಪಾಟಿನಲ್ಲಿದ್ದ ಕಾಗದವನ್ನು ತೆಗೆದು ಹಾಸಿಗೆ ಮಾಡಿದ ಆ ಅವಸರ ಬ್ರೌನ್ ಅವರದು. ಪಕ್ಕದ ಮನೆಯ ಅಜ್ಜಿಯ ಅಕ್ಕ ಬದುಕಿದ್ದು ಆ ಅವಸರದಿಂದ.

ಈಗ ನನ್ನ ಹೆರಿಗೆಯ ಬಿಲ್ಲಿಗೆ ಬರುತ್ತೇನೆ.

1947ರ ಆರೋಗ್ಯ ಕಾನೂನಿನಲ್ಲಿ ತಾಯಿ-ಮಕ್ಕಳಿಗೊಂದು ಯೋಜನೆಗೆ ಜಾಗ ಇತ್ತು. ಆ ಕಾನೂನು ಮಾಡಿದ್ದು ಡಿ ವಲೇರಾ ಸರಕಾರ. ಆಗಲೇ ಕ್ಯಾಥೊಲಿಕ್ ಬಿಷಪ್ಪರಿಂದ ಸರಕಾರಕ್ಕೆ ಆಕ್ಷೇಪದ ಪತ್ರ ಹೋಗಿತ್ತು, ಗುಟ್ಟಾಗಿ. ಸರಕಾರ ಬದಲಾದದ್ದರಿಂದ ಆ ಪತ್ರ ಹಾಗೇ ಉಳಿಯಿತು. ಬ್ರೌನ್ ಯೋಜನೆಯನ್ನು ಮುಂದಕ್ಕೆ ತಂದರು. ಪ್ರತಿ ಬಸುರಿ, ಬಾಣಂತಿಗೆ ಪುಕ್ಕಟೆ ಆರೈಕೆ. ಪ್ರತಿ ಮಗುವಿಗೆ 16 ವರ್ಷದವರೆಗೆ ಪುಕ್ಕಟೆ ವೈದ್ಯಕೀಯ. ಆದಾಯ ಕೇಳುವಂತಿಲ್ಲ. ಕೆಂಪು ಚೀಟಿ ಇಲ್ಲ. ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ 1948ರಿಂದ ಬ್ರಿಟನ್‌ನ ಉಚಿತ ಆರೋಗ್ಯ ಸೇವೆ ನಡೆಯುತ್ತಿತ್ತು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಮೊದಲು ಎದ್ದವರು ಡಾಕ್ಟರುಗಳು. ಐರಿಶ್ ಮೆಡಿಕಲ್ ಅಸೋಸಿಯೇಷನ್‌ಗೆ ಖಾಸಗಿ ಫೀಸಿನ ಚಿಂತೆ. ಸರಕಾರ ಡಾಕ್ಟರುಗಳನ್ನು ನೌಕರರನ್ನಾಗಿ ಮಾಡುತ್ತದೆ ಅನ್ನುವ ಭಯ. ಅವರ ಬೆನ್ನಿಗೆ ಚರ್ಚು ಬಂತು. ಬಿಷಪ್ಪರ ಸಭೆ 1950ರ ಅಕ್ಟೋಬರ್ 10ರಂದು ಪ್ರಧಾನಿಗೆ ಪತ್ರ ಬರೆಯಿತು. ಮಕ್ಕಳ ಆರೋಗ್ಯ ನೋಡಿಕೊಳ್ಳುವುದು ತಂದೆತಾಯಿಯ ಹಕ್ಕು, ಸರಕಾರದ್ದಲ್ಲ. ನೂರಕ್ಕೆ ಹತ್ತು ಮಂದಿ ಬಡವರ ನೆಪದಲ್ಲಿ ಇಡೀ ಸಮಾಜದ ಮೇಲೆ ಸರಕಾರಿ ವೈದ್ಯ ಹೇರಬೇಡಿ. ತಾಯ್ತನದ ಬಗ್ಗೆ ಸರಕಾರ ಹೆಂಗಸರಿಗೆ ಏನು ಕಲಿಸೀತು? ಅದರಲ್ಲಿ ಸಂತಾನ ನಿಯಂತ್ರಣವೂ, ಗರ್ಭಪಾತವೂ ಬಂದರೆ? ಪತ್ರದ ಸಾರ ಇದು.

ಮರುದಿನ, ಅಕ್ಟೋಬರ್ 11, ಬ್ರೌನ್ ಅವರನ್ನು ಡಬ್ಲಿನ್‌ನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ಕ್ವೇಡ್ ತಮ್ಮ ಮನೆಗೆ ಕರೆಸಿದರು. ಅದು ಡ್ರಮ್‌ಕಾಂಡ್ರಾದಲ್ಲಿದೆ. ನಮ್ಮ ಮನೆಯಿಂದ ನಡೆದು ಹೋಗುವ ದೂರ. ಮಗಳು ಚಿಕ್ಕವಳಿದ್ದಾಗ ಆ ಗೋಡೆಯ ಪಕ್ಕದಲ್ಲೇ ನಾನು ತಳ್ಳುಗಾಡಿ ದೂಡಿಕೊಂಡು ಹೋಗುತ್ತಿದ್ದೆ. ಮರಗಳ ಹಿಂದೆ ಮನೆ. ಒಳಗೆ ಮೂವರು ಬಿಷಪ್ಪರು, ಎದುರಿಗೆ ಒಬ್ಬ ಸಚಿವ. ಮೂವರಲ್ಲಿ ಒಬ್ಬರು ಗಾಲ್ವೇಯ ಬಿಷಪ್ ಮೈಕಲ್ ಬ್ರೌನ್ (ಇವರು ಬೇರೆ ಬ್ರೌನ್). ಸವಿತಾ ತೀರಿಕೊಂಡ ಅದೇ ಗಾಲ್ವೇ. ಈ ಸಂಗತಿ ಓದಿದ ದಿನ ನಾನು ಆ ದಾರಿಯಲ್ಲಿ ಹೋಗುವಾಗ ಸ್ವಲ್ಪ ಹೊತ್ತು ನಿಂತೆ.

ಮಾತುಕತೆ ಮುಗಿಸಿ ಬಂದ ಬ್ರೌನ್, ಬಿಷಪ್ಪರಿಗೆ ಸಮಾಧಾನ ಆಗಿದೆ ಅಂದುಕೊಂಡರು. ಬಿಷಪ್ಪರಿಗೆ ಸ್ವಲ್ಪವೂ ಆಗಿರಲಿಲ್ಲ. ಅವರ ಪತ್ರಕ್ಕೆ ಬ್ರೌನ್ ಬರೆದುಕೊಟ್ಟ ಉತ್ತರವನ್ನು ಪ್ರಧಾನಿ ಕಾಸ್ಟೆಲೊ ತಿಂಗಳುಗಟ್ಟಲೆ ಕಳಿಸದೆ ಇಟ್ಟುಕೊಂಡರು. 1951ರ ಮಾರ್ಚ್‌ನಲ್ಲಿ ಬ್ರೌನ್ ಯೋಜನೆಯನ್ನು ಜನರ ಮುಂದೆ ಪ್ರಕಟಿಸಿದಾಗ ಎಲ್ಲವೂ ಒಡೆಯಿತು. ಏಪ್ರಿಲ್ ಮೊದಲ ವಾರ ಬಿಷಪ್ಪರ ತೀರ್ಪು ಬಂತು: ಈ ಯೋಜನೆ ಕ್ಯಾಥೊಲಿಕ್ ಸಾಮಾಜಿಕ ಬೋಧನೆಗೆ ವಿರುದ್ಧ. ಬ್ರೌನ್ ಆ ವಾಕ್ಯದಲ್ಲಿ ಒಂದು ಪದ ಹಿಡಿದುಕೊಂಡರು. ಸಾಮಾಜಿಕ ಬೋಧನೆ ಅಂದಿದ್ದಾರೆ, ನೈತಿಕ ಬೋಧನೆ ಅಂದಿಲ್ಲ. ಅಂದರೆ ಇದು ಪಾಪ ಅಂತ ಹೇಳಿಲ್ಲ, ಬರೀ ಅಭಿಪ್ರಾಯ. ಅವರೂ ಶ್ರದ್ಧೆಯುಳ್ಳ ಕ್ಯಾಥೊಲಿಕ್ಕರೇ. ಈ ವ್ಯತ್ಯಾಸ ಅವರಿಗೆ ತುಂಬ ದೊಡ್ಡದಾಗಿತ್ತು. ಸಂಪುಟದಲ್ಲಿ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಯೋಜನೆಯನ್ನು ಕೈಬಿಟ್ಟರು. ಪಕ್ಷದ ನಾಯಕ ಮೆಕ್‌ಬ್ರೈಡ್ ಅವರೇ ರಾಜೀನಾಮೆ ಕೇಳಿದರು. ಬ್ರೌನ್ ಏಪ್ರಿಲ್ 11ರಂದು ಕೊಟ್ಟರು.

ಬೇರೆಯವರಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆರೋಗ್ಯದ ಕಾರಣ, ವೈಯಕ್ತಿಕ ಕಾರಣ ಅಂತ ಏನೋ ಒಂದು ಹೇಳಿಕೆ, ಸ್ವಲ್ಪ ದಿನದ ಮೇಲೆ ಇನ್ನೊಂದು ಖಾತೆ. ಬ್ರೌನ್ ಮಾತ್ರ ಎಲ್ಲ ಪತ್ರಗಳನ್ನೂ ಪತ್ರಿಕೆಗಳಿಗೆ ಕೊಟ್ಟುಬಿಟ್ಟರು. ಬಿಷಪ್ಪರದ್ದು, ಪ್ರಧಾನಿಯದ್ದು, ಮೆಕ್‌ಬ್ರೈಡ್‌ರದ್ದು, ತನ್ನದು. 1951ರ ಏಪ್ರಿಲ್ 12ರ ಬೆಳಿಗ್ಗೆ ಐರಿಶ್ ಟೈಮ್ಸ್ ತೆರೆದ ಜನ, ತಮ್ಮ ಮನೆಯ ಹೆಂಗಸರ ಹೆರಿಗೆಯ ಬಗ್ಗೆ ತಮಗೆ ಗೊತ್ತಿಲ್ಲದೆ ಯಾರು ಯಾರಿಗೆ ಏನು ಬರೆದಿದ್ದರು ಅಂತ ಸಾಲುಸಾಲಾಗಿ ಓದಿದರು. ದೇಶದ ನಿಜವಾದ ಸರಕಾರ ಚರ್ಚೇ ಇರಬೇಕು ಅಂತ ಪತ್ರಿಕೆಯ ಸಂಪಾದಕೀಯ ಬರೆಯಿತು.

ಅದೇ ದಿನ ಪ್ರಧಾನಿ ಕಾಸ್ಟೆಲೊ ಸಂಸತ್ತಿನಲ್ಲಿ ಮಾತಾಡಿದರು. ನಾನೊಬ್ಬ ಕ್ಯಾಥೊಲಿಕ್, ನನ್ನ ಚರ್ಚಿನ ಹಿರಿಯರ ಮಾತು ಪಾಲಿಸುತ್ತೇನೆ, ಮುಂದೆಯೂ ಪಾಲಿಸುತ್ತೇನೆ ಅಂದರು. ಅದನ್ನು ಎಲ್ಲರೂ ನೆನಪಿಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಭಾಷಣದ ಇನ್ನೊಂದು ಮಾತು. ಇದನ್ನೆಲ್ಲ ಒಳಗೊಳಗೇ, ಶಾಂತವಾಗಿ ಬಗೆಹರಿಸಬಹುದಿತ್ತು, ಜನರಿಗೆ ಈ ವಿಷಯ ತಿಳಿಯಲೇಬಾರದಾಗಿತ್ತು ಅಂದರು ಕಾಸ್ಟೆಲೊ.

ಜನರಿಗೆ ತಿಳಿಯಲೇಬಾರದಾಗಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಸಭ್ಯರು, ದೊಡ್ಡ ವಕೀಲರು, ಅಧಿಕಾರಕ್ಕೆ ಆಸೆಪಟ್ಟವರೂ ಅಲ್ಲ. ಅದಕ್ಕೇ ಈ ಮಾತು ಇನ್ನೂ ಜಾಸ್ತಿ ಚುಚ್ಚುತ್ತದೆ. ಬಸುರಿ ಹೆಂಗಸರ ಬಗ್ಗೆ ತೀರ್ಮಾನ ಆಗುತ್ತಿದೆ. ಆ ಕೋಣೆಯಲ್ಲಿ ಒಬ್ಬ ಹೆಂಗಸೂ ಇಲ್ಲ. ಆ ಕೋಣೆ ಇದೆ ಅನ್ನುವುದೂ ಅವರಿಗೆ ಗೊತ್ತಾಗಬಾರದು. ಬ್ರೌನ್ ಮಾಡಿದ ಕೆಲಸಗಳಲ್ಲಿ ಹಾಸಿಗೆಗಳಿಗಿಂತ, ಲಸಿಕೆಗಿಂತ, ಆ ಯೋಜನೆಗಿಂತ ದೊಡ್ಡದು ಆ ಕೋಣೆಯ ಬಾಗಿಲು ತೆಗೆದದ್ದು ಅಂತ ನಾನು ನಂಬಿದ್ದೇನೆ.

ಆದರೆ ಅವರ ತಪ್ಪನ್ನೂ ಹೇಳಬೇಕು. ಅವರು ಸಂಪುಟದ ಜೊತೆಗಾರರನ್ನು ತನ್ನ ಕಡೆ ಒಲಿಸಿಕೊಳ್ಳಲಿಲ್ಲ. ಡಾಕ್ಟರುಗಳ ಜೊತೆ ಚೌಕಾಸಿ ಮಾಡುವ ತಾಳ್ಮೆ ತೋರಲಿಲ್ಲ. ತನ್ನ ಪಕ್ಷದ ನಾಯಕನ ಜೊತೆಗೂ ಮುಖ ಕೊಟ್ಟು ಮಾತಾಡುವ ಸ್ಥಿತಿ ಉಳಿಸಿಕೊಳ್ಳಲಿಲ್ಲ. ಆದಾಯ ನೋಡಿ ಕೊಡುತ್ತೇವೆ ಅಂತ ಒಪ್ಪಿಕೊಂಡಿದ್ದರೆ ಬಿಷಪ್ಪರು ಬಿಡುತ್ತಿದ್ದರು, ಸಾವಿರಾರು ಬಡ ತಾಯಂದಿರಿಗೆ ಎರಡು ವರ್ಷ ಮೊದಲೇ ಸಿಗುತ್ತಿತ್ತು. ಇದನ್ನು ನಾನು ತುಂಬ ಸಲ ಯೋಚಿಸಿದ್ದೇನೆ. ಒಮ್ಮೊಮ್ಮೆ ಅವರ ಮೇಲೆ ಸಿಟ್ಟೂ ಬರುತ್ತದೆ. ಆಮೇಲೆ ಕೆಂಪು ಚೀಟಿ ನೆನಪಾಗುತ್ತದೆ. ಬಡತನ ತೋರಿಸಿದರೆ ಮಾತ್ರ ಔಷಧಿ ಅನ್ನುವ ಆ ಸಾಲಿನಲ್ಲಿ ಅವರ ತಾಯಿ ನಿಂತಿದ್ದಿರಬಹುದು. ಆದಾಯ ಕೇಳಬಾರದು ಅನ್ನುವ ಹಟ ಬಿಟ್ಟುಕೊಡಿ ಅಂತ ಅವರಿಗೆ ಹೇಳುವ ಅಧಿಕಾರ ನನಗಿದೆಯಾ?

1951ರ ಮೇ ಚುನಾವಣೆಯಲ್ಲಿ ಆ ಸರಕಾರ ಹೋಯಿತು. 10 ಸೀಟಿದ್ದ ಮೆಕ್‌ಬ್ರೈಡ್ ಪಕ್ಷ 2ಕ್ಕೆ ಇಳಿಯಿತು. ಬ್ರೌನ್ ಸ್ವತಂತ್ರವಾಗಿ ನಿಂತು ಗೆದ್ದರು. ಮತ್ತೆ ಬಂದ ಡಿ ವಲೇರಾ, ಬಿಷಪ್ಪರ ಜೊತೆ ಮಾತಾಡಿ ರಾಜಿ ಮಾಡಿಕೊಂಡು 1953ರಲ್ಲಿ ಹೊಸ ಆರೋಗ್ಯ ಕಾನೂನು ತಂದರು. ಬಡವರಿಗೂ ಮಧ್ಯಮ ವರ್ಗಕ್ಕೂ ಪುಕ್ಕಟೆ ಹೆರಿಗೆ. ತೀರ ಅನುಕೂಲಸ್ಥರು ಹೊರಗೆ. 16 ವರ್ಷ ಹೋಗಿ, ಮಗುವಿಗೆ ಬರೀ 6 ವಾರ. ಬ್ರೌನ್ ಅದಕ್ಕೆ ಬೆಂಬಲ ಕೊಟ್ಟರು. ಆದಾಯದ ಗೆರೆ ಅಳಿಸಿ ಎಲ್ಲ ತಾಯಂದಿರಿಗೂ ಸಿಗುವಷ್ಟರಲ್ಲಿ ಇನ್ನೂ ಹಲವು ದಶಕ ಕಳೆದವು.

ಆ 6 ವಾರ ಇನ್ನೂ ಇದೆ. ಮಗಳಿಗೆ ಆರು ವಾರ ತುಂಬಿದಾಗ ತಾಯಿ-ಮಗು ಇಬ್ಬರನ್ನೂ ಒಮ್ಮೆ ನೋಡಬೇಕು ಅಂತ ಬಡಾವಣೆಯ ಡಾಕ್ಟರು ಕರೆದಿದ್ದರು. ಅದು ಯಾಕೆ ಸರಿಯಾಗಿ ಆರು ವಾರ ಅಂತ ಆಗ ನಾನು ಕೇಳಿರಲಿಲ್ಲ.

ಬ್ರೌನ್ ಅವರ ಮುಂದಿನ ರಾಜಕೀಯ ಉದ್ದದ ದಾರಿ, ಮೇಲಿಂದ ಮೇಲೆ ತಿರುವು. 1953ರಲ್ಲಿ ಡಿ ವಲೇರಾ ಅವರ ಫಿಯನಾ ಫಾಯ್ಲ್ ಸೇರಿದರು. ಸೋತರು. ಹೊರಬಂದು 1957ರಲ್ಲಿ ಸ್ವತಂತ್ರವಾಗಿ ಗೆದ್ದರು. ಮರುವರ್ಷ ಜ್ಯಾಕ್ ಮೆಕ್‌ಕ್ವಿಲನ್ ಜೊತೆ ಸಣ್ಣ ಪಕ್ಷ ಕಟ್ಟಿದರು. ಇಬ್ಬರೇ ಇದ್ದರೂ ಸರಕಾರಕ್ಕೆ ಪ್ರಶ್ನೆಗಳ ಮಳೆ ಸುರಿಸಿದರು. ಪ್ರಧಾನಿ ಡಿ ವಲೇರಾ ಕುರ್ಚಿಯಲ್ಲಿದ್ದುಕೊಂಡೇ ಐರಿಶ್ ಪ್ರೆಸ್ ಪತ್ರಿಕೆಯ ಹಿಡಿತವನ್ನೂ ಇಟ್ಟುಕೊಂಡಿದ್ದನ್ನು ಸಂಸತ್ತಿನಲ್ಲಿ ಎತ್ತಿದ್ದು ಬ್ರೌನ್ ಅವರೇ. ಅದೂ ಒಂದು ಮುಚ್ಚಿದ ಬಾಗಿಲು. 1963ರಲ್ಲಿ ಲೇಬರ್ ಪಕ್ಷ. 1970ರ ದಶಕದ ಶುರುವಿನಲ್ಲಿ, ಗರ್ಭನಿರೋಧಕ ಮಾರುವುದೇ ಅಪರಾಧವಾಗಿದ್ದ ಕಾಲದಲ್ಲಿ, ಅದನ್ನು ಬದಲಿಸುವ ಮಸೂದೆ ತರಲು ಹೋದರು. ಮಂಡಿಸಲೂ ಬಿಡಲಿಲ್ಲ. ಸೆನೆಟ್, ಮತ್ತೆ ಹೊಸ ಸಮಾಜವಾದಿ ಪಕ್ಷ, 1982ರವರೆಗೆ ಸಂಸತ್ತು. ಇದರ ನಡುವೆ ಮನೋವೈದ್ಯರಾಗಿ ರೋಗಿಗಳನ್ನು ನೋಡುತ್ತಿದ್ದರು. 1948ರಿಂದ 1951ರವರೆಗಿನ ಮೂರು ವರ್ಷ ಬಿಟ್ಟರೆ ಮತ್ತೆಂದೂ ಸಚಿವರಾಗಲಿಲ್ಲ.

1986ರಲ್ಲಿ ಅವರ ಆತ್ಮಕಥೆ ಬಂದಾಗ ಜನ ಮುಗಿಬಿದ್ದು ಕೊಂಡರು. ಅದರಲ್ಲಿ ಬಾಲ್ಯದ ಪುಟಗಳನ್ನು ಓದುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ರಾಜಕೀಯದ ಪುಟಗಳಲ್ಲಿ ಹಳೆಯ ಜೊತೆಗಾರರ ಮೇಲಿನ ಕಹಿ ಹಾಗೇ ಇದೆ, ಮೂವತ್ತೈದು ವರ್ಷ ಕಳೆದರೂ ತಣ್ಣಗಾಗಿಲ್ಲ. ಒಬ್ಬರನ್ನಾದರೂ ಕ್ಷಮಿಸಿದ್ದರೆ ಅಂತ ಅನಿಸಿತು. ಕೊನೆಯ ವರ್ಷಗಳನ್ನು ಹೆಂಡತಿ ಫಿಲಿಸ್ ಜೊತೆ ಗಾಲ್ವೇ ಜಿಲ್ಲೆಯ ಕಾನಮಾರಾದ ಕಡಲ ತೀರದಲ್ಲಿ ಕಳೆದರು. 1997ರ ಮೇ 21ರಂದು ತೀರಿಕೊಂಡಾಗ 81 ವರ್ಷ.

ಅವರು ಹೋಗಿ 15 ವರ್ಷಕ್ಕೆ ಅದೇ ಜಿಲ್ಲೆಯಲ್ಲಿ ಸವಿತಾ. 1950ರ ಪತ್ರದಲ್ಲಿ ಬಿಷಪ್ಪರು ಹೆದರಿದ್ದ ಗರ್ಭಪಾತವನ್ನು ತಡೆಯಲು 1983ರಲ್ಲಿ ಸಂವಿಧಾನಕ್ಕೇ 8ನೇ ತಿದ್ದುಪಡಿ ಸೇರಿಸಿದ್ದರು. ಡಾಕ್ಟರ ಕೈ ಕಟ್ಟಿದ್ದು ಅದು. ಸವಿತಾ ಅವರ ಸಾವೂ ಆಸ್ಪತ್ರೆಯ ಫೈಲುಗಳೊಳಗೆ ಮುಚ್ಚಿಹೋಗಬಹುದಿತ್ತು. ಗಂಡ ಸುಮ್ಮನಿರಲಿಲ್ಲ. ಪತ್ರಿಕೆಗೆ ಹೇಳಿದರು. 2012ರ ನವೆಂಬರ್ 14ರಂದು ಆ ಸುದ್ದಿ ಒಡೆದದ್ದು ಐರಿಶ್ ಟೈಮ್ಸ್‌ನಲ್ಲಿ. 61 ವರ್ಷದ ಹಿಂದೆ ಬ್ರೌನ್ ಪತ್ರಗಳನ್ನು ಅಚ್ಚು ಹಾಕಿದ ಅದೇ ಪತ್ರಿಕೆ. ಬೀದಿಗೆ ಬಂದ ಜನರ ಕೈಯಲ್ಲಿ ಬೆಳಗಾವಿಯ ಹುಡುಗಿಯ ಫೋಟೋ ಇತ್ತು.

2018ರ ಮೇ 25ರ ಜನಮತದ ಹೊತ್ತಿಗೆ ನಾನು ಡಬ್ಲಿನ್‌ಗೆ ಬಂದು ಒಂದು ವರ್ಷ ಆಗಿತ್ತು. ನನಗೆ ವೋಟಿಲ್ಲ. ಪೋರ್ಟೊಬೆಲ್ಲೋದ ಗೋಡೆಯೊಂದರ ಮೇಲೆ ಸವಿತಾ ಅವರ ಮುಖ ಬರೆದಿದ್ದರು. ಫಲಿತಾಂಶದ ದಿನ ಅಲ್ಲಿಗೆ ಹೋದೆ. ನೂರಕ್ಕೆ 66.4 ಮಂದಿ ತಿದ್ದುಪಡಿ ತೆಗೆಯಿರಿ ಅಂದಿದ್ದರು. ಗೋಡೆಯ ತುಂಬ ಚೀಟಿಗಳು. ಕ್ಷಮಿಸು ಅಂತ ಬರೆದವರೇ ಜಾಸ್ತಿ. ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು ನನ್ನ ಮುಖ ನೋಡಿ ಭಾರತದವಳಾ ಅಂತ ಕೇಳಿ, ಕೈ ಹಿಡಿದು ಅತ್ತಳು. ನಾನೂ ಅತ್ತೆ. ಗರ್ಭಪಾತದ ಹೊಸ ಕಾನೂನಿನ ಸೇವೆಗಳು 2019ರ ಜನವರಿಯಲ್ಲಿ ಶುರುವಾದವು. ಅದೇ ವರ್ಷ ನಾನು ಬಸುರಿ. ಅದಕ್ಕೇ ಧೈರ್ಯ ಮಾಡಿ ಅವ್ವನಿಗೆ ಹೇಳಿದ್ದೆ, ನಾ ಬರೂದಿಲ್ಲ, ನೀನೇ ಬಾ ಅಂತ.

ಬಾಣಂತನ ಮುಗಿಸಿ ಹೋದ ಮೇಲೆ ಒಂದು ಭಾನುವಾರ ಫೋನಿನಲ್ಲಿ ಅವ್ವನಿಗೆ ಈ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಮತ್ತ ಗೆದ್ದನೇನು ಆತ?"

"ಇಲ್ಲವ್ವಾ. ಮಂತ್ರಿ ಪದವಿ ಹೋತು."

"ಅವನ ತಾಯಿ ಇದ್ದಳೇನು?"

"ಇಲ್ಲ. ಅವ ಸಣ್ಣಾಂವ ಇದ್ದಾಗ ಹೋಗಿದ್ಲು."

ಅವ್ವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮಗು ಹಾಲು ಸರಿಯಾಗಿ ಕುಡಿಯುತ್ತಾ ಅಂತ ಕೇಳಿದಳು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಇಲ್ಲಿ 6 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಬಡಾವಣೆಯ ಡಾಕ್ಟರು ಪುಕ್ಕಟೆ ನೋಡುವ ವ್ಯವಸ್ಥೆ ಬಂದದ್ದು 2015ರಲ್ಲಿ. 2023ರಲ್ಲಿ ಅದನ್ನು 8 ವರ್ಷದೊಳಗಿನವರಿಗೆ ವಿಸ್ತರಿಸಿದರು. ಅವಳ ಹೆಸರಿನ ಕಾರ್ಡು ನನ್ನ ಪರ್ಸಿನಲ್ಲಿದೆ. ಕೆಮ್ಮು ಬಂದರೂ, ಕಿವಿ ನೋವು ಬಂದರೂ ಅದನ್ನು ತೋರಿಸುತ್ತೇನೆ. ಆದಾಯ ಎಷ್ಟು ಅಂತ ಯಾರೂ ಕೇಳುವುದಿಲ್ಲ. 8 ತುಂಬಿದ ದಿನದಿಂದ ಪ್ರತಿ ಸಲ ಹೋದಾಗಲೂ ದುಡ್ಡು ಕೊಡಬೇಕು. ಬ್ರೌನ್ 1951ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ 16 ಅಂತ ಇತ್ತು.